ಬಾಯಿಗೆ ಹಚ್ಚದ ಲಾಳಿ

ನಮ್ಮ ಯಜಮಾನರು ಹೋಗಿ ವರ್ಷವಾಗುತ್ತ ಬಂತು. ಕೊರೋನಾದಿಂದ ಹೋದವರಲ್ಲ. ಅದು ಬಂದು ಹೋದ ಮೇಲೂ ಕೆಲವು ವರ್ಷ ಮಗ್ಗ ಓಡಿಸಿದರು. ಒಂದು ಮುಂಜಾನೆ ಎದೆ ಹಿಡಿದುಕೊಂಡು ಕುಳಿತರು. ದವಾಖಾನೆ ಮುಟ್ಟುವುದರೊಳಗೆ ಮುಗಿಯಿತು.

ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಆಡಿದರು. "ಭಾಳ ಸಂಭಾವಿತ ಮನಶಾ. ಯಾರಿಗೂ ಎದುರಾಡಿದವನಲ್ಲ." ಅಳುವಾಗ ಯಾರನ್ನೂ ತಿದ್ದಲು ಆಗುವುದಿಲ್ಲ. ಈಗ ತಿದ್ದುತ್ತೇನೆ. ಅವರು ಎದುರಾಡುತ್ತಿರಲಿಲ್ಲ, ಅದು ಖರೆ. ಆದರೆ ಹಿಡಿದ ಹಟ ಬಿಟ್ಟವರಲ್ಲ. ಬಾಯಿ ಮಾಡುವವರ ಹಟ ಎರಡು ದಿನಕ್ಕೆ ಇಳಿಯುತ್ತದೆ. ಸುಮ್ಮನಿರುವವರದು ಇಳಿಯುವುದಿಲ್ಲ. ಅಂಥವರ ಜೊತೆ ಬಾಳ್ವೆ ಮಾಡಿದವಳಿಗೆ ಅದು ಗೊತ್ತು.

ಅವರ ಹೆಸರು ವಿಜಯಮಹಾಂತೇಶ. ಶೆಡ್ಡಿನಲ್ಲಿ ಎಲ್ಲರಿಗೂ ಮಾಂತೇಶ. ಚಮನಸಾಬರಿಗೆ ಮಾತ್ರ ಮಾಂತ್ಯಾ. ಚಮನಸಾಬರು ಅವರಿಗೆ ಮಗ್ಗ ಕಲಿಸಿದವರು. ವಯಸ್ಸಿನಲ್ಲಿ ಬಹಳ ದೊಡ್ಡವರು, ಇವರು ಅವರನ್ನು ಮಾವಾ ಅನ್ನುತ್ತಿದ್ದರು. ಇಳಕಲ್ಲಿನಲ್ಲಿ ಶಿವಪ್ರಕಾಶ ಎನ್ನುವವರ ಪವರ್‌ಲೂಮ್ ಶೆಡ್ಡು. ಅಲ್ಲಿ ಇಬ್ಬರದೂ ಒಂದೇ ಜೋಡಿ ಮಗ್ಗ. ಒಬ್ಬರದು ಮುಂಜಾನೆಯ ಪಾಳಿ, ಇನ್ನೊಬ್ಬರದು ಮಧ್ಯಾಹ್ನದ ಪಾಳಿ. ವಾರ ಬದಲಾದರೆ ಪಾಳಿಯೂ ಅದಲು ಬದಲು.

ಮಗ್ಗ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಸೀರೆಯ ಅಡ್ಡ ನೂಲನ್ನು ಹೊತ್ತುಕೊಂಡು ಆ ಕಡೆಯಿಂದ ಈ ಕಡೆಗೆ ಓಡುವುದೇ ಲಾಳಿ. ಕಟ್ಟಿಗೆಯದು, ಸಣ್ಣ ದೋಣಿಯ ಹಾಗೆ. ಅದರ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಇರುತ್ತದೆ. ಕಂಡಿಕೆ ತೀರಿತು ಅಂದರೆ ಹೊಸದು ಹಾಕಿ, ನೂಲಿನ ತುದಿಯನ್ನು ಲಾಳಿಯ ಬದಿಯ ತೂತಿನಿಂದ ಹೊರಗೆ ತೆಗೆಯಬೇಕು. ತೂತು ಅಂದರೆ ಸಾಸಿವೆ ಕಾಳಿನಷ್ಟು. ಬೆರಳು ಹೋಗುವುದಿಲ್ಲ. ಅದಕ್ಕೆ ನೇಕಾರ ತೂತಿಗೆ ತುಟಿ ಹಚ್ಚಿ ಸರ್ರನೆ ಉಸಿರು ಎಳೆಯುತ್ತಾನೆ. ನೂಲು ನಾಲಿಗೆಗೆ ಬರುತ್ತದೆ. ಒಂದು ಉಸಿರಿನ ಕೆಲಸ. ಪಾಳಿ ಮುಗಿಸಿ ಹೋಗುವವನು ಹೀಗೆ ನೂಲು ಎಳೆದು, ಲಾಳಿಯನ್ನು ಬರುವವನ ಕೈಯಲ್ಲಿ ಕೊಡಬೇಕು. ಬರುವವನು ಮತ್ತೊಮ್ಮೆ ಬಾಯಿಗೆ ಹಚ್ಚಿ ಎಳೆದು ನೋಡಿ ಮಗ್ಗಕ್ಕೆ ಹಾಕಬೇಕು. ಅದು ಆ ಶೆಡ್ಡಿನ ರೂಢಿ.

ನಮ್ಮ ಅತ್ತೆ ಇದ್ದಾಗ ಚಮನಸಾಬರು ಮನೆಗೆ ಬಂದರೆ ಬೇರೆ ಲೋಟದಲ್ಲಿ ಚಹಾ ಕೊಡುತ್ತಿದ್ದರು. ಆ ಲೋಟ ಹೊರಗಿನ ಮಾಡದಲ್ಲಿ ಇರುತ್ತಿತ್ತು. ಅದೇ ಚಮನಸಾಬರ ಬಾಯಿಂದ ಬಂದ ಲಾಳಿ ದಿನಾ ಆಕೆಯ ಮಗನ ಬಾಯಿಗೆ ಹೋಗುತ್ತಿತ್ತು. ಅದನ್ನು ಆಕೆ ಎಂಜಲು ಅನ್ನಲಿಲ್ಲ. ಯಾರೂ ಅನ್ನಲಿಲ್ಲ. ಲಾಳಿ ಅಂದರೆ ಲಾಳಿ, ಅಷ್ಟೇ.

ಲಾಕ್‌ಡೌನ್ ಸಡಿಲಾಗಿ ಶೆಡ್ಡು ತೆರೆದಾಗ ಶಿವಪ್ರಕಾಶ ಬಾಗಿಲಲ್ಲಿ ಸ್ಯಾನಿಟೈಜರ್ ಬಾಟಲಿ ಕಟ್ಟಿದರು. ಮಾಸ್ಕ್ ಇಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಚಹಾ ತರುವವನು ಕಾಗದದ ಕಪ್ಪು ತಂದ. ತಂಬಾಕಿನ ಡಬ್ಬಿ ಒಬ್ಬರದು ಒಬ್ಬರಿಗೆ ಇಲ್ಲ. ಎಲ್ಲರೂ ಪಾಲಿಸಿದರು, ಸುಳ್ಳು ಹೇಳಬಾರದು. ಮನೆಯಲ್ಲಿ ನಾನೂ ಬಿಸಿನೀರು, ಅರಿಷಿಣ, ಬೇವಿನ ಹೊಗೆ, ಯಾರು ಏನು ಹೇಳಿದರೋ ಎಲ್ಲ ಮಾಡಿದೆ. ಶೆಡ್ಡಿನಲ್ಲಿ ಕಂಡಿಕೆ ತೀರಿದಾಗ ಮಾತ್ರ ಮಾಸ್ಕನ್ನು ಗದ್ದಕ್ಕೆ ಇಳಿಸುವುದು, ಲಾಳಿ ಬಾಯಿಗೆ ಹಚ್ಚುವುದು, ಸರ್ ಅಂತ ಎಳೆಯುವುದು, ಮಾಸ್ಕ್ ಮೇಲೆ ಏರಿಸುವುದು. ಇದನ್ನು ಯಾರೂ ನೋಡಲಿಲ್ಲ. ಕಣ್ಣ ಮುಂದೆ ಇತ್ತು, ನೋಡಲಿಲ್ಲ. ಮನೆಯಲ್ಲಿ ಕಂಡಿಕೆ ಸುತ್ತಿ ಬುಟ್ಟಿಯಲ್ಲಿ ಶೆಡ್ಡಿಗೆ ಒಯ್ದು ಕೊಡುವವಳು ನಾನು. ನಾನೂ ನೋಡಲಿಲ್ಲ.

ನನ್ನ ಅಕ್ಕನ ಮಗಳು ಐಶ್ವರ್ಯ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಓದುತ್ತಿದ್ದಳು. ಜನರಿಗೆ ಈ ರೋಗದ ಬಗ್ಗೆ ಏನು ಗೊತ್ತು, ಏನು ಮಾಡುತ್ತಾರೆ ಎಂದು ಫೋನ್ ಹಚ್ಚಿ ಕೇಳುವ ಕೆಲಸ ಕಾಲೇಜಿನವರು ಕೊಟ್ಟಿದ್ದರು. ಒಂದು ದಿನ ಊಟದ ಹೊತ್ತಿಗೆ ನಮಗೂ ಹಚ್ಚಿದಳು. ಇವರು ಸ್ಪೀಕರ್ ಮಾಡಿ ಫೋನನ್ನು ರೊಟ್ಟಿ ಬುಟ್ಟಿಗೆ ಆನಿಸಿ ಇಟ್ಟರು.

"ಕಾಕಾ, ಕೊರೋನಾ ಹೆಂಗ ಹರಡ್ತೈತಿ ಹೇಳ್ರಿ."

"ಕೆಮ್ಮಿದ್ರ, ಸೀನಿದ್ರ, ಬಾಜೂಕ ನಿಂತ ಮಾತಾಡಿದ್ರ."

"ಮಾಸ್ಕ್ ಹಾಕ್ಕೋತೀರೇನ್ರಿ? ಮೂಗಿನ ಮ್ಯಾಲೋ, ಗದ್ದದ ಮ್ಯಾಲೋ?"

"ಮೂಗಿನ ಮ್ಯಾಲವಾ. ಬೇಕಾರ ನಿಮ್ಮ ಸಣ್ಣವ್ವನ್ನ ಕೇಳು."

"ರೋಗ ಬಂದವರನ್ನ ಕಂಡ್ರ ನಿಮಗ ಏನ ಅನಸ್ತೈತ್ರಿ? ಅಂಜಿಕಿ, ಸಿಟ್ಟು, ಕನಿಕರ. ಇದರಾಗ ಒಂದ ಹೇಳ್ರಿ."

"ಮೂರೂ ಅನಸ್ತೈತಿ."

"ಮೂರೂ ಬರಕೊಳ್ಳಾಕ ಬರಂಗಿಲ್ರಿ ಕಾಕಾ."

"ಹಂಗಾರ ಕನಿಕರ ಅಂತ ಬರಕೊ. ಚಂದ ಕಾಣ್ತೈತಿ."

ನಾನು ನಕ್ಕೆ. ಹುಡುಗಿಯೂ ನಕ್ಕಳು. ಆಮೇಲೆ ಕೇಳಿದಳು, "ಮತ್ತೊಬ್ರು ಬಾಯಿ ಹಚ್ಚಿದ್ದನ್ನ ನೀವು ಬಾಯಿಗೆ ಹಚ್ಚತೀರೇನ್ರಿ? ಲೋಟ, ಬೀಡಿ, ಚಮಚ, ಏನರೆ?"

"ಛೀ ಛೀ, ಇಲ್ಲವಾ. ಎಂಜಲಾ ಯಾರರೆ ಬಾಯಾಗ ಹಾಕ್ಕೋತಾರೇನು?"

"ಎಲ್ಲಾ ಬರೋಬ್ಬರಿ ಹೇಳಿದ್ರಿ ಕಾಕಾ."

ಇವರು ಖುಷಿಯಾಗಿ ಇನ್ನರ್ಧ ರೊಟ್ಟಿ ಜಾಸ್ತಿ ತಿಂದರು. ಪಾಳಿಗೆ ಹೊರಟರು. ನಾನು ಕಂಡಿಕೆ ಬುಟ್ಟಿ ಹೊತ್ತು ಹಿಂದೆ ಹೋದೆ.

ಚಮನಸಾಬರು ಮುಂಜಾನೆಯ ಪಾಳಿ ಮುಗಿಸಿ ಮಗ್ಗ ನಿಲ್ಲಿಸಿದ್ದರು. ಹೊಸ ಕಂಡಿಕೆ ಹಾಕಿ, ಬಾಯಿಗೆ ಹಚ್ಚಿ ಎಳೆದು, ಲಾಳಿ ಕೊಟ್ಟರು. ಇವರು ಇಸಕೊಂಡರು. ಮಾಸ್ಕ್ ಇಳಿಸಿದರು. ಲಾಳಿ ತುಟಿಯ ಹತ್ತಿರ ಬಂತು, ಅಲ್ಲೇ ನಿಂತಿತು. ತೂತಿನ ಸುತ್ತ ಹಸಿ ಇತ್ತು. ನನಗೂ ಕಂಡಿತು. ಊಟದ ಮುಂದೆ ಆಡಿದ ಮಾತು ಅವರಿಗೆ ಆಗ ಹೊಳೆದಿದೆ. ಏನು ಮಾಡಬೇಕು ತಿಳಿಯದೆ ಹೆಗಲ ಮೇಲಿನ ಟವಲಿನಿಂದ ಲಾಳಿ ಒರೆಸಿದರು.

ಒರೆಸಬಾರದಿತ್ತು. ಆ ದಿನಗಳಲ್ಲಿ ಟಿವಿಯಲ್ಲಿ, ಮೊಬೈಲಿನಲ್ಲಿ ಏನೇನು ಬರುತ್ತಿತ್ತು, ಎಲ್ಲರೂ ಕೇಳಿದ್ದೇವೆ. ಮುಸಲ್ಮಾನರ ಅಂಗಡಿಗೆ ಹೋಗಬೇಡಿ, ಅವರ ಕೈಯಿಂದ ಕಾಯಿಪಲ್ಲೆ ತೊಗೋಬೇಡಿ. ಚಮನಸಾಬರು ಹುಟ್ಟಿ ಬೆಳೆದ ಓಣಿಯಲ್ಲೇ ಅವರನ್ನು ಕಂಡು ಜನ ದಾರಿ ಬದಿಗೆ ಸರಿದಿದ್ದರು. ಶೆಡ್ಡಿನಲ್ಲಿ ಮಾತ್ರ ಅಂಥದ್ದು ಇರಲಿಲ್ಲ. ಈಗ ಅಲ್ಲಿ ಎಲ್ಲರ ಎದುರಿಗೆ, ತಾವು ಕಲಿಸಿದವನೇ ತಮ್ಮ ಬಾಯಿಯ ಎಂಜಲು ಒರೆಸಿದ.

"ಏನಲೇ ಮಾಂತ್ಯಾ," ಅಂದರು ಚಮನಸಾಬರು. "ಇಷ್ಟ ವರ್ಷ ಇಲ್ಲದ್ದು, ನನ್ನ ಬಾಯಿ ಇವತ್ತ ಹೊಲಸಾತೇನು?"

"ಹಂಗಲ್ರಿ ಮಾವಾ."

"ಮತ್ತ ಹೆಂಗ?"

ಇವರಿಗೆ ಎಂದೂ ಬೇಕಾದಾಗ ಮಾತು ಬಂದಿಲ್ಲ. ಚಮನಸಾಬರು ಚಪ್ಪಲಿ ಮೆಟ್ಟಿಕೊಂಡು ಹೋದರು. ಪಕ್ಕದ ಮಗ್ಗದ ಬೀರಲಿಂಗ ನನ್ನ ಕಡೆ ನೋಡಿ, "ನಿಮ್ಮ ಯಜಮಾನ್ರಿಗೆ ಏನಾಗೇತ್ರಿ ಅಕ್ಕಾ?" ಅಂದ. ನಾನು ಬುಟ್ಟಿ ಇಳಿಸಿ ಮನೆಗೆ ಬಂದೆ.

ಇವರಿಗೆ ಒರೆಸಿದ್ದು ತಪ್ಪು ಅನ್ನಿಸಿತು. ಬಾಯಿಗೆ ಹಚ್ಚುವುದು ಅದಕ್ಕಿಂತ ತಪ್ಪು ಅನ್ನಿಸಿತು. ಚಮನಸಾಬರಿಗೆ ಸಕ್ಕರೆ ಕಾಯಿಲೆ ಇತ್ತು, ಹತ್ತಿಯ ಧೂಳಿನಿಂದ ದಮ್ಮು ಬೇರೆ. ಅಂಥವರಿಗೆ ಈ ರೋಗ ಬಂದರೆ ಏನಾಗುತ್ತದೆ ಅನ್ನುವುದನ್ನು ನಾವು ಓಣಿಯಲ್ಲೇ ಕಂಡಿದ್ದೆವು. ಅವರ ಬಾಯಿಗೆ ಲಾಳಿ ಹೋಗಬಾರದು. ಅವರ ಮನಸ್ಸೂ ಮುರಿಯಬಾರದು. ಇವರಿಗೆ ಎರಡೂ ಬೇಕಾಗಿತ್ತು. "ಎರಡೂ ಆಗಂಗಿಲ್ರಿ, ಒಂದ ನೋಡ್ರಿ," ಅಂದೆ. "ಎರಡೂ," ಅಂದರು.

ಸೈಕಲ್ಲಿನ ಹಳೆಯ ಬ್ರೇಕಿನ ತಂತಿ ಬಿಚ್ಚಿ, ಅದರೊಳಗಿನ ಒಂದೇ ಒಂದು ಸಣ್ಣ ಎಳೆ ತೆಗೆದರು. ಅದನ್ನು ನಡುವೆ ಮಡಚಿ ಉರುಳಿನ ಹಾಗೆ ಮಾಡಿದರು. ಹೊರಗಿನಿಂದ ತೂತಿನಲ್ಲಿ ತೂರಿಸುವುದು, ಒಳಗೆ ನೂಲಿನ ತುದಿಯನ್ನು ಉರುಳಿಗೆ ಸಿಗಿಸುವುದು, ಹಿಂದಕ್ಕೆ ಎಳೆಯುವುದು. ಬಾಯಿ ಬೇಕಾಗಿಲ್ಲ. ಒಲೆಯ ಮುಂದೆ ಕುಳಿತು ರೂಢಿ ಮಾಡಿದರು. ಮೊದಲು ನನಗಿಂತ ತಡ ಮಾಡುತ್ತಿದ್ದರು. "ನನ್ನನ್ನ ಕಳಸ್ರಿ ಶೆಡ್ಡಿಗೆ, ನೀವು ರೊಟ್ಟಿ ಬಡೀರಿ," ಅಂದೆ.

ಶೆಡ್ಡಿನಲ್ಲಿ ನಗೆಯೋ ನಗೆ. "ಮಾಂತೇಶಣ್ಣ ಹೊಲಿಗಿ ಕ್ಲಾಸಿಗೆ ಹೊಂಟಾನ," ಅಂದರು. ಬೀರಲಿಂಗ ಹಲ್ಲು ಕಿಸಿದು ತೋರಿಸಿದ. ಅವನ ಹಲ್ಲು ಅರ್ಧ ಹೋಗಿದ್ದವು. "ನೂಲಿನ ಬಣ್ಣಕ್ಕ ನನ್ನ ಹಲ್ಲ ಉಳೀಲಿಲ್ಲ. ಕೊರೋನಾ ಉಳೀತೈತೇನಣ್ಣಾ?"

"ಹಲ್ಲ ಹ್ವಾದ ಮ್ಯಾಲರೆ ಬುದ್ಧಿ ಕಲಿ," ಅಂದರಂತೆ ಇವರು.

ಶಿವಪ್ರಕಾಶರಿಗೆ ಸೇರಲಿಲ್ಲ. "ಬಾಯೀಲೆ ಆದ್ರ ಒಂದ ಉಸಿರು. ನಿನ್ನ ತಂತಿಗೆ ಅರ್ಧ ಪೂಜಿ ಆಗ್ತೈತಿ. ಮಗ್ಗ ನಿಂದರಸಬ್ಯಾಡಪಾ." ಇವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ತಂತಿ ಬಿಡಲಿಲ್ಲ.

ಚಮನಸಾಬರು ಎರಡು ದಿನ ಬಿಟ್ಟು ಬಂದರು. ಇವರ ಜೊತೆ ಮಾತಿಲ್ಲ. ವಾರ ಬದಲಾಗಿ ಇವರು ಮುಂಜಾನೆಯ ಪಾಳಿಗೆ ಬಂದಿದ್ದರು. ಇವರು ಲಾಳಿಯನ್ನು ಸಾಬೂನಿನಲ್ಲಿ ತೊಳೆದು, ತಂತಿಯಿಂದ ನೂಲು ತೆಗೆದು, ಮಗ್ಗದ ಮೇಲೆ ಇಟ್ಟು ಬರುತ್ತಿದ್ದರು. ಚಮನಸಾಬರು ಎಲ್ಲರಿಗೂ ಕೇಳುವ ಹಾಗೆ ಸರ್ರನೆ ಎಳೆಯುತ್ತಿದ್ದರು. ಬೇಕೆಂದೇ.

ಆಗ ಇವರು ಅವರ ಮನೆಗೆ ಹೋದರು. ನಾನೂ ಹೋದೆ. ಬಾಗಿಲಲ್ಲಿ ಅವರ ಹೆಂಡತಿ ಗುಲಾಬಬಿ ನಿಂತಿದ್ದರು. ಅವರನ್ನು ನಾನು ಅತ್ತಿ ಅನ್ನುತ್ತೇನೆ.

"ಬಂದ್ರ್ಯಾ? ಒಳಗ ಬರ್ತೀರೋ, ಹೊರಗ ನಿಂತ ಹೋಗ್ತೀರೋ? ಈಗಿನ ಮಂದೀಗೆ ಕೇಳಬೇಕಾಗೇತಿ."

ಒಳಗೆ ಹೋದೆವು. ಚಹಾ ಬಂತು. ಯಾರ ಮನೆಯಲ್ಲೂ ಚಹಾ ಕುಡಿಯಬೇಡಿ ಎಂದು ಆಶಾ ಕಾರ್ಯಕರ್ತೆ ಸುನಂದಾ ಓಣಿ ತುಂಬ ಹೇಳಿ ಹೋಗಿದ್ದಳು. ಕುಡಿಯದಿದ್ದರೆ ಆ ಮನೆಯ ಮೆಟ್ಟಿಲು ಮತ್ತೆ ಹತ್ತುವ ಹಾಗಿಲ್ಲ. ಚಮನಸಾಬರು ಕಪ್ಪನ್ನೇ ನೋಡುತ್ತಿದ್ದರು. ಇವರು ಮಾಸ್ಕ್ ಇಳಿಸಿ ಪೂರ್ತಿ ಕುಡಿದರು.

"ಹಾಂ?" ಅಂದರು ಚಮನಸಾಬರು. "ಈಗ ಬಾಯಿಗೆ ಹತ್ತೇನು?"

"ಕಪ್ಪು ತೊಳದದ್ದು ಮಾವಾ. ಲಾಳಿ ತೊಳದದ್ದಲ್ಲ."

"ಲಾಳಿ ಯಾರರೆ ತೊಳೀತಾರೇನಲೇ? ಹುಚ್ಚ."

"ನಾ ತೊಳೀತೇನಿ. ಹೆಂಗೂ ತಂತಿ ಐತಿ, ತಗೋರಿ." ಇವರು ಇನ್ನೊಂದು ತಂತಿ ಮಾಡಿ ತಂದಿದ್ದರು. ಮುಂದೆ ಇಟ್ಟರು.

ಚಮನಸಾಬರು ಅದನ್ನು ಮುಟ್ಟಲಿಲ್ಲ. "ನಿನಗ ಅಂಜಿಕಿ ಇದ್ರ ನೀ ಮನ್ಯಾಗ ಕುಂದರು. ನಾ ಹೆಂಗ ನೇಯಬೇಕು ಅನ್ನೂದು ನೀ ನನಗ ಕಲಸಬ್ಯಾಡ."

ತಂತಿ ಅಲ್ಲೇ ಬಿಟ್ಟು ಬಂದೆವು. ದಾರಿಯಲ್ಲಿ ಇವರು, "ಚಹಾ ಚಲೋ ಇತ್ತು," ಅಂದರು. ಅಷ್ಟೇ ಮಾತು.

ಮುಂದಿನ ವಾರ ಇವರಿಗೆ ಜ್ವರ ಬಂತು. ರುಚಿ ಹೋಯಿತು. ಉಪ್ಪಿನಕಾಯಿ ಕೊಟ್ಟರೆ ಮಣ್ಣು ಅಂದರು. ನಮಗಿಬ್ಬರಿಗೂ ತಿಳಿಯಿತು. ಆಗಿನ ದಿನಗಳಲ್ಲಿ ಮಂದಿ ಜ್ವರ ಬಂದರೆ ಗುಳಿಗೆ ನುಂಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ತಪಾಸಣೆ ಮಾಡಿಸಿದರೆ ಗಾಡಿ ಬರುತ್ತದೆ, ಮನೆಗೆ ಪಟ್ಟಿ ಕಟ್ಟುತ್ತಾರೆ, ಓಣಿಯಲ್ಲಿ ಮುಖ ತೋರಿಸುವ ಹಾಗಿಲ್ಲ. ಶಿವಪ್ರಕಾಶರ ಫೋನ್ ಬಂತು. "ಮಾಂತೇಶಾ, ಮನ್ಯಾಗ ಮಲಕೊ. ತಪಾಸಣಿಗೆ ಹೋಗಬ್ಯಾಡ. ಶೆಡ್ಡಿಗೆ ಸೀಲ್ ಹಾಕ್ತಾರ, ಎಲ್ಲಾರ ಹೊಟ್ಟಿಗೆ ಹೊಡೀತಿ ನೀ." ಇವರು ಫೋನ್ ಕೇಳಿ ಇಟ್ಟರು. ಸರಕಾರಿ ದವಾಖಾನೆಗೆ ಹೋಗಿ ಮೂಗಿನಲ್ಲಿ ಕಡ್ಡಿ ಹಾಕಿಸಿಕೊಂಡು ಬಂದರು.

ಬಂದಿದೆ ಎಂದು ಗೊತ್ತಾದ ಕೂಡಲೆ ಬೀರಲಿಂಗನಿಗೆ ಫೋನ್ ಹಚ್ಚಿದರು. ಪಾಳಿ ಬದಲಾಗುವ ಹೊತ್ತು, ಮಗ್ಗ ನಿಂತಿದ್ದವು.

"ಸ್ಪೀಕರ್ ಮಾಡು ಬೀರಲಿಂಗಾ. ಎಲ್ಲಾರೂ ಕೇಳ್ರಿ. ನನಗ ಕೊರೋನಾ ಬಂದೈತಿ. ಎಲ್ಲಾರೂ ತಪಾಸಣಿ ಮಾಡಸ್ರಿ. ಚಮನ ಮಾವಾ, ನಮ್ಮ ಮಗ್ಗದ ಲಾಳಿಗೆ ನಾ ಬಾಯಿ ಹಚ್ಚಿಲ್ಲ. ಆದ್ರೂ ತಪಾಸಣಿ ಮಾಡಸ್ರಿ."

ಯಾರೋ ಕೂಗಿದರು, "ಫೋನ್ ಇಡಲೇ! ಎಲ್ಲಾರದೂ ಮಗ್ಗ ಬಂದ್ ಮಾಡಿಸಿದಿ!" ಮತ್ತೊಬ್ಬರು ಅದಕ್ಕಿಂತ ಕೆಟ್ಟದ್ದು ಅಂದರು. ಚಮನಸಾಬರ ದನಿ ಕೇಳಲಿಲ್ಲ. ಇವರು ಫೋನ್ ಇಟ್ಟರು.

ಗಾಡಿ ಬಂತು. ಹುನಗುಂದದ ಒಂದು ಹಾಸ್ಟೆಲ್ಲಿನಲ್ಲಿ ರೋಗಿಗಳನ್ನು ಇಡುತ್ತಿದ್ದರು, ಅಲ್ಲಿಗೆ ಒಯ್ದರು. ನನಗೆ ಇಲ್ಲ ಎಂದು ಬಂತು. ಆದರೂ ನಮ್ಮ ಬಾಗಿಲಿಗೆ ಕೆಂಪು ಪಟ್ಟಿ ಕಟ್ಟಿದರು. ಎದುರು ಮನೆಯವರು ಕಿಟಕಿ ಮುಚ್ಚಿದರು. ಹಾಲು ತರುವವನು ಬರುವುದು ಬಿಟ್ಟ. ಶೆಡ್ಡಿಗೂ ಸೀಲ್ ಬಿತ್ತು. ಬೀರಲಿಂಗನಿಗೂ ಮತ್ತೊಬ್ಬನಿಗೂ ಇದೆ ಎಂದು ಬಂತು. ಇಬ್ಬರೂ ಬೈದುಕೊಳ್ಳುತ್ತ ಹುನಗುಂದಕ್ಕೆ ಹೋಗಿ ಇವರ ಪಕ್ಕದ ಕಾಟಿನಲ್ಲೇ ಮಲಗಿದರು. ಚಮನಸಾಬರಿಗೆ ಇಲ್ಲ ಎಂದು ಬಂತು. ತಂತಿಯಿಂದ ತಪ್ಪಿತೋ, ದೇವರು ತಪ್ಪಿಸಿದನೋ, ನಾನು ಡಾಕ್ಟರಲ್ಲ, ಹೇಳಲಾರೆ.

ಪಟ್ಟಿಯ ಆಚೆಗೆ ಮೊದಲು ಬಂದು ನಿಂತವರು ಗುಲಾಬಬಿ. ಹಗಲು ಹೊತ್ತಿನಲ್ಲೇ, ಓಣಿಯ ಮಂದಿ ನೋಡುವಾಗಲೇ ಬಂದರು. ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಬಂದು ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿದರು.

"ಅತ್ತಿ, ಮಾವಾರ ಸಿಟ್ಟು ಇಳೀತ್ರ್ಯಾ?" ಅಂದೆ.

"ಯಾವ ಸಿಟ್ಟು? ನಿನ್ನ ಗಂಡನ ಮ್ಯಾಲಿಂದೋ, ಕಣ್ಣಿನ ಮ್ಯಾಲಿಂದೋ?"

"ಯಾವ ಕಣ್ಣು?"

ಆ ಕಡೆ ಈ ಕಡೆ ನೋಡಿ ದನಿ ಇಳಿಸಿದರು. "ಅವರಿಗೆ ಕಣ್ಣ ಕಾಣವಲ್ದವಾ. ಪೊರಿ ಬಂದಾವು. ನಿನ್ನ ಗಂಡ ತಂತಿ ಬಿಟ್ಟು ಹ್ವಾದ ನೋಡು, ದಿನಾ ಬಾಗಲಾ ಹಾಕ್ಕೊಂಡು ಅದನ್ನ ತೂತಿನ್ಯಾಗ ತೂರಸಾಕ ನೋಡ್ತಾರ. ಆಗವಲ್ದು. ತೂತ ಕಾಣವಲ್ದು. ಸಿಟ್ಟೀಲೆ ಒಗದು, ಮತ್ತ ತಾವ ಹುಡುಕಿ ತಗೋತಾರ. ಬಾಯಿಗೆ ಕಣ್ಣ ಬೇಕಾಗಿದ್ದಿಲ್ಲ, ಹೆಂಗೋ ನಡದಿತ್ತು. ಮಾಲಕಗ ಗೊತ್ತಾದ್ರ ಮಗ್ಗ ಕಸಕೋತಾನ. ಯಾರ ಮುಂದೂ ಅನಬ್ಯಾಡವಾ."

ನಾನು ಗಂಡನ ಮುಂದೆ ಅಂದೆ. ಗಂಡನ ಮುಂದೆ ಅನ್ನದೆ ಮತ್ತೆ ಯಾರ ಮುಂದೆ ಅನ್ನಲಿ. ಫೋನಿನಲ್ಲಿ ಇವರ ದನಿ ಕೀರಲಾಗಿತ್ತು, ಎರಡು ಮಾತಿಗೆ ಒಮ್ಮೆ ಉಸಿರು ತೊಗೋತಿದ್ದರು. ಕೇಳಿ ನಕ್ಕರು, ನಗು ಕೆಮ್ಮಾಯಿತು.

"ಹಂಗಾರ ನನ್ನ ಮ್ಯಾಲ ಸಿಟ್ಟಿಲ್ಲ."

"ನಿಮ್ಮ ಮ್ಯಾಲೂ ಐತಿ. ಲಾಳಿ ವರಸೀರಿ."

"ಅದು ಇರ್ಲಿ ತಗೊ. ಮಗ್ಗ ಹೋಗಬಾರದು ಅವರದು."

ಮಲಗಿದಲ್ಲಿಂದಲೇ ವಿಚಾರ ಮಾಡಿದ್ದಾರೆ. ಮನೆಗೆ ಬಂದಾಗ ಮೈಯಲ್ಲಿ ಕಸುವಿರಲಿಲ್ಲ, ಸಂತೆಗೆ ಹೋಗಿ ಬಂದರೆ ನಡುನಡುವೆ ಕೂತು ಏಳುವ ಹಾಗಾಗಿತ್ತು. ಆದರೂ ಶೆಡ್ಡಿನ ಸೀಲ್ ತೆಗೆದ ದಿನವೇ ಶಿವಪ್ರಕಾಶರ ಮನೆಗೆ ಹೋದರು. ನಾನು ಕೈ ಹಿಡಿದು ಕರೆದುಕೊಂಡು ಹೋದೆ. ಶಿವಪ್ರಕಾಶರು ಒಳಗೆ ಕರೆಯಲಿಲ್ಲ. ಗೇಟಿನ ಆ ಕಡೆ ಅವರು, ಈ ಕಡೆ ನಾವು.

"ಬಾರಪಾ ಧೀರ. ನನ್ನ ಶೆಡ್ಡಿಗೆ ಕೀಲಿ ಹಾಕಿಸಿದಿ. ಇನ್ನ ಏನ ಮಾಡಸಾಂವ?"

"ಮತ್ತೊಮ್ಮೆ ಕೀಲಿ ಬೀಳಬಾರದಲ್ರಿ ಮಾಲಕರ."

ಆ ಮಾತಿಗೆ ಶಿವಪ್ರಕಾಶರು ಕಿವಿ ಕೊಟ್ಟರು. ಇವರು ಹೇಳಿದ್ದು ಇಷ್ಟು. ಮಗ್ಗಕ್ಕೆ ಒಂದೆರಡೇ ಲಾಳಿ ಇರುವುದರಿಂದ ನಿಂತ ನಿಲುವಿನಲ್ಲಿ ಬಾಯಿ ಹಚ್ಚುತ್ತಾರೆ. ಹೆಚ್ಚಿಗೆ ಲಾಳಿ ಮಾಡಿಸಿದರೆ, ಕಂಡಿಕೆ ತರುವವರೇ ಕಂಡಿಕೆ ತುಂಬಿ, ತಂತಿಯಿಂದ ನೂಲು ತೆಗೆದು, ಬುಟ್ಟಿಯಲ್ಲಿ ತಯಾರು ಲಾಳಿ ತಂದು ಇಡಬಹುದು. ನೇಕಾರ ಖಾಲಿ ಲಾಳಿ ಇಟ್ಟು ತುಂಬಿದ್ದು ತೊಗೊಳ್ಳುವುದು. ಮಗ್ಗ ನಿಲ್ಲುವುದಿಲ್ಲ. ಯಾರೂ ತೂತು ಹುಡುಕಬೇಕಾಗಿಲ್ಲ.

ಕೊನೆಯ ಮಾತು ಇವರು ಬಹಳ ಸಾದಾ ಹೇಳಿದರು. ಚಮನಸಾಬರ ಹೆಸರು ಬರಲೇ ಇಲ್ಲ. ಎಲ್ಲರಿಗೂ ಒಂದೇ ಕಾಯಿದೆ ಆದರೆ ಒಬ್ಬರ ಕಣ್ಣಿನ ಕುಂದು ಯಾರಿಗೂ ಕಾಣುವುದಿಲ್ಲ. ಇದನ್ನು ಮಾಡಿದವರು ಎದುರು ಮಾತಾಡಲು ಬಾರದ ಮನುಷ್ಯ, ನೋಡಿರಿ.

"ನೂಲ ತೆಗಿಯಾವ್ರು ಯಾರು?"

"ಇಕಿ," ಅಂದು ನನ್ನ ಕಡೆ ಕೈ ಮಾಡಿದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

"ಕಲ್ತಾಳೇನು?"

"ನನಗಿಂತ ಲಗೂ ತೆಗೀತಾಳ್ರಿ."

ಅದು ಖರೆಯೇ ಆಗಿತ್ತು. ಶಿವಪ್ರಕಾಶರು ಹೆಚ್ಚಿನ ಲಾಳಿ ಮಾಡಿಸಲು ಒಪ್ಪಿದರು.

ಶೆಡ್ಡು ಸುರುವಾದ ದಿನ ತಯಾರು ಲಾಳಿಯ ಬುಟ್ಟಿ ಹೊತ್ತು ಹೋದೆ. ಒಂದೊಂದು ಮಗ್ಗದ ಹತ್ತಿರ ಇಡುತ್ತ ಬಂದೆ. ಬೀರಲಿಂಗ ಕೈ ಮುಗಿದ. "ಅಕ್ಕಾ, ಇನ್ನ ಮ್ಯಾಲ ನನ್ನ ಉಳದ ಹಲ್ಲಿನ ಪುಣ್ಯ ನಿನಗ." ಹುನಗುಂದದಲ್ಲಿ ಇವರ ಪಕ್ಕದಲ್ಲಿ ಮಲಗಿ ಬಂದ ಮೇಲೆ ಅವನ ಬಾಯಿ ಮೆತ್ತಗಾಗಿತ್ತು.

ಚಮನಸಾಬರ ಮಗ್ಗಕ್ಕೆ ಬಂದೆ. ಇವರೂ ಅಲ್ಲೇ ಕಂಬಕ್ಕೆ ಆತು ನಿಂತಿದ್ದರು. ಚಮನಸಾಬರು ಬುಟ್ಟಿಯಿಂದ ಒಂದು ಲಾಳಿ ಎತ್ತಿದರು. ಮುಖದ ಹತ್ತಿರ ತಂದರು. ಇನ್ನೂ ಹತ್ತಿರ ತಂದರು. ಎಲ್ಲರೂ ನೋಡುತ್ತಿದ್ದರು. ಬಾಯಿಗೆ ಹಚ್ಚಿಯೇ ಬಿಡುತ್ತಾರೆ ಅಂದುಕೊಂಡೆ. ಅವರು ಹೆಬ್ಬೆರಳಿನಿಂದ ತೂತಿನ ಸುತ್ತ ಸವರಿದರು, ಹೊರಗೆ ಬಂದ ನೂಲನ್ನು ಬೆರಳಿಗೆ ಸುತ್ತಿ ಎಳೆದು ನೋಡಿದರು.

"ನೂಲು ಸಡಿಲ ಬಿಟ್ಟಿ. ಯಾರವಾ ನಿನಗ ಕಲಿಸಿದ್ದು?"

"ನಿಮ್ಮ ಶಿಷ್ಯರ್ರಿ ಮಾವಾ."

"ಅದಕ್ಕ ಮತ್ತ." ಲಾಳಿಯನ್ನು ಮಗ್ಗದಲ್ಲಿ ಕೂಡಿಸಿದರು. ಇವರ ಕಡೆ ತಿರುಗಲಿಲ್ಲ. "ಲೇ ಮಾಂತ್ಯಾ, ನೀ ವರಸಿದ್ದು ನಾ ಮರತಿಲ್ಲ."

"ಮರೀಬ್ಯಾಡ್ರಿ ಮಾವಾ. ಬಾಯಿಗೆ ಹಚ್ಚಬ್ಯಾಡ್ರಿ, ಅಷ್ಟ."

"ನಿನ್ನ ಹೆಂಡ್ತಿ ಸುತ್ತಿದ ನೂಲಿಗೆ ಯಾವಾಂವ ಬಾಯಿ ಹಚ್ಚತಾನ? ಅಳ್ಳಕ!" ಅಂದು ಮಗ್ಗ ಹಾಕಿದರು. ಆ ಸಪ್ಪಳದಲ್ಲಿ ಮುಂದೆ ಏನು ಅಂದರೋ ಕೇಳಲಿಲ್ಲ. ಇವರು ಮಾಸ್ಕಿನೊಳಗೆ ನಗುತ್ತಿದ್ದರು. ನನಗೆ ಕಣ್ಣಿನಲ್ಲಿ ಗೊತ್ತಾಯಿತು.

ರೋಗ ಹೋದ ಮೇಲೆ ಮಾಸ್ಕ್ ಹೋದವು, ಬಾಟಲಿ ಹೋಯಿತು. ಶೆಡ್ಡಿನ ಅರ್ಧ ಮಂದಿ ಮತ್ತೆ ಬಾಯಿಗೇ ಹಚ್ಚಿದರು. ಚಟ ಅದು, ಬೈದರೆ ಹೋಗುವುದಲ್ಲ. ಇವರ ಜೋಡಿ ಮಗ್ಗದಲ್ಲಿ ಮಾತ್ರ ಹಚ್ಚಲಿಲ್ಲ. ಚಮನಸಾಬರು ಆಮೇಲೆ ಪೊರೆ ತೆಗೆಸಿಕೊಂಡರು. ಈಗ ತೂತು ಕಾಣುತ್ತದೆ. ತಂತಿಯಿಂದ ತಾವೇ ತೆಗೆಯುತ್ತಾರೆ, ಬೇಸರವಾದರೆ ನನ್ನ ಬುಟ್ಟಿಯಿಂದ ತೊಗೋತಾರೆ.

ಇವರು ಹೋದ ಮೇಲೆ ಆ ಮಗ್ಗದ ಇನ್ನೊಂದು ಪಾಳಿಗೆ ಸುಭಾನಸಾಬ ಎಂಬ ಹೊಸ ನೇಕಾರ ಬಂದ. ಮೊದಲ ದಿನವೇ ಲಾಳಿ ಇಸಕೊಂಡು ಬಾಯಿಗೆ ಒಯ್ದ. ನಾನು ಅಲ್ಲೇ ಇದ್ದೆ. ಚಮನಸಾಬರು ಅವನ ಕೈ ಹಿಡಿದರು.

"ಈ ಮಗ್ಗದಾಗ ಬಾಯಿ ಹಚ್ಚಂಗಿಲ್ಲ."

"ಯಾಕ್ರಿ ಚಾಚಾ? ಕೊರೋನಾ ಹೋಗಿ ಎಷ್ಟ ವರ್ಷಾತು?"

"ಹೋಗಿದ್ರ ಹೋಗ್ಲಿ. ಮಾಂತ್ಯಾ ಬ್ಯಾಡ ಅಂದಾನ."

ಸುಭಾನಸಾಬ ಮಾಂತ್ಯಾ ಯಾರು ಎಂದು ಕೇಳಲಿಲ್ಲ. ತಂತಿ ಎಲ್ಲಿದೆ ಎಂದು ಕೇಳಿದ. ಕೊಟ್ಟೆ.